ಚಾರ್ಲ್ಸ್ ನದಿಯ ದಡದಲ್ಲಿ ಊರವರು ಕೇಳಿದ ಪ್ರಶ್ನೆ

ಚರಿತ್ರೆ ಪಾಠವನ್ನು ನದಿಯ ದಡದಿಂದ ಆರಂಭಿಸುವುದು ನಮ್ಮ ವಾಡಿಕೆ. ಸಿಂಧೂ, ನೈಲ್ ಎಂದು ಭೂಪಟದಲ್ಲಿ ಬೆರಳಿಟ್ಟು ತೋರಿಸುತ್ತೇವೆ. ಇಂದು ಹೇಳಹೊರಟಿರುವುದೂ ನದಿದಡದ ಕತೆಯೇ. ಆದರೆ ಇದಕ್ಕೆ ಐವತ್ತು ವರ್ಷ ಮಾತ್ರ.

ಅಮೆರಿಕದ ಬೋಸ್ಟನ್ ನಗರದ ಪಕ್ಕ ಚಾರ್ಲ್ಸ್ ಎಂಬ ನದಿ ಹರಿಯುತ್ತದೆ. ಈಚೆ ದಡದ ಬೋಸ್ಟನ್ನಿನಲ್ಲಿ 1821ರಲ್ಲಿ ಬಾಗಿಲು ತೆರೆದ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆ ಇದೆ. ಈಥರ್ ಮೂಸಿಸಿ ನೋವಿಲ್ಲದೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು 1846ರಲ್ಲಿ ಜಗತ್ತಿಗೆ ತೋರಿಸಿದ್ದು ಅಲ್ಲಿಯೇ. ಆಚೆ ದಡದ ಕೇಂಬ್ರಿಜ್ ಪಟ್ಟಣದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಮತ್ತು ಎಂಐಟಿ ಇವೆ. ಎಂಐಟಿಗೆ ತಾಗಿಕೊಂಡಿರುವ ಜಾಗವೇ ಕೆಂಡಾಲ್ ಸ್ಕ್ವೇರ್. ಅಲ್ಲಿಂದ ಆಸ್ಪತ್ರೆಗೆ ರೈಲಿನಲ್ಲಿ ಒಂದೇ ನಿಲ್ದಾಣ.

ಹಿಂದೆ ಅದು ಸಾಬೂನು, ಮಿಠಾಯಿ, ರಬ್ಬರ್ ಕಾರ್ಖಾನೆಗಳ ಕೇರಿ. ಸನ್‌ಲೈಟ್ ಸಾಬೂನಿನಿಂದ ನಮಗೂ ಪರಿಚಿತವಾದ ಲಿವರ್ ಕಂಪನಿಯ ಕಾರ್ಖಾನೆ ಅಲ್ಲಿತ್ತು. 1959ರಲ್ಲಿ ಅದು ಮುಚ್ಚಿತು. 1964ರಲ್ಲಿ ಬಂದ ನಾಸಾದ ಸಂಶೋಧನಾ ಕೇಂದ್ರವೂ 1970ರಲ್ಲಿ ಬಾಗಿಲು ಹಾಕಿತು. ಉಳಿದದ್ದು ಖಾಲಿ ಕಟ್ಟಡಗಳು ಮತ್ತು ಬಯಲು.

ಅದೇ 1970ರಲ್ಲಿ ಹರಗೋವಿಂದ ಖುರಾನ ಎಂಐಟಿಗೆ ಬಂದರು. ಪಂಜಾಬಿನ ಒಂದು ಕುಗ್ರಾಮದಲ್ಲಿ ಮರದಡಿಯ ಶಾಲೆಯಲ್ಲಿ ಓದಿ, 1968ರಲ್ಲಿ ನೊಬೆಲ್ ಪಡೆದವರು ಅವರು. ತಮ್ಮ ತಂಡ ಕೃತಕವಾಗಿ ಕಟ್ಟಿದ ಜೀನ್ ಒಂದು ಜೀವಕೋಶದೊಳಗೆ ಕೆಲಸ ಮಾಡಿತೆಂದು 1976ರಲ್ಲಿ ಪ್ರಕಟಿಸಿದರು.

ಆ ವರ್ಷವೇ ಪಟ್ಟಣದಲ್ಲಿ ಗಲಾಟೆ ಎದ್ದಿತು. ಒಂದು ಜೀವಿಯ ಡಿಎನ್‌ಎ ತುಣುಕನ್ನು ಇನ್ನೊಂದರೊಳಗೆ ಸೇರಿಸುವ ವಿದ್ಯೆ ಆಗ ಹೊಸದು. ಅದಕ್ಕಾಗಿ ಹಾರ್ವರ್ಡ್ ವಿಶೇಷ ಪ್ರಯೋಗಾಲಯ ಕಟ್ಟಲು ಹೊರಟಿತ್ತು. ಅಲ್ಲಿಂದ ಹೊಸ ರೋಗಾಣು ಹೊರಬಿದ್ದರೆ ಊರಿನ ಗತಿಯೇನು ಎಂದು ಮೇಯರ್ ಆಲ್ಫ್ರೆಡ್ ವೆಲ್ಲುಚಿ ಕೇಳಿದರು. ಜೂನ್ ತಿಂಗಳಲ್ಲಿ ವಿಜ್ಞಾನಿಗಳನ್ನು ನಗರಸಭೆಗೆ ಕರೆಸಿ, ಊರವರ ಮುಂದೆ ಉತ್ತರ ಹೇಳಿಸಿದರು. ಅಂಥ ಪ್ರಯೋಗಗಳನ್ನು ತಡೆಹಿಡಿಯುವಂತೆ ನಗರಸಭೆ ಸೂಚಿಸಿತು.

ಮುಂದಿನದು ಮುಖ್ಯ. ನಿರ್ಧಾರವನ್ನು ಆ ವಿಜ್ಞಾನಿಗಳ ಕೈಗೆ ಬಿಡದೆ ನಗರದವರದೇ ಒಂದು ಸಮಿತಿ ಮಾಡಿದರು. ಅದರಲ್ಲಿ ಎಣ್ಣೆ ವ್ಯಾಪಾರಿ ಇದ್ದರು, ಕ್ರೈಸ್ತ ಸಂನ್ಯಾಸಿನಿ ಇದ್ದರು, ಇಂಜಿನಿಯರ್, ವೈದ್ಯರು ಇದ್ದರು. ತಿಂಗಳುಗಟ್ಟಲೆ ಕುಳಿತು ಎರಡೂ ಕಡೆಯವರ ವಾದ ಕೇಳಿದರು. ಅರ್ಥವಾಗದ್ದನ್ನು ಮತ್ತೆ ಮತ್ತೆ ಕೇಳಿದರು. ಕೊನೆಗೆ 'ಸಂಶೋಧನೆ ನಡೆಯಲಿ, ಕಟ್ಟುನಿಟ್ಟಾದ ನಿಯಮದೊಂದಿಗೆ' ಎಂಬ ಅಭಿಪ್ರಾಯಕ್ಕೆ ಬಂದರು. 1977ರ ಫೆಬ್ರವರಿಯಲ್ಲಿ ನಗರಸಭೆ ಅದನ್ನು ಕಾನೂನು ಮಾಡಿತು. ಅಮೆರಿಕದಲ್ಲಿ ಇಂಥ ಕಾನೂನು ತಂದ ಮೊದಲ ನಗರ ಅದು.

ವಿಜ್ಞಾನ ಓಡಿಹೋಯಿತೇ? ಇಲ್ಲ. 1981ರಲ್ಲಿ ಆ ನಿಯಮ ಕಂಪನಿಗಳಿಗೂ ಅನ್ವಯವಾಯಿತು. ಏನು ಮಾಡಬಹುದು, ಏನು ಕೂಡದು ಎಂಬುದು ಬರವಣಿಗೆಯಲ್ಲೇ ಇದ್ದುದರಿಂದ ಕಂಪನಿಗಳಿಗೆ ಧೈರ್ಯ ಬಂತು. ಹಾರ್ವರ್ಡಿನ ವಾಲ್ಟರ್ ಗಿಲ್ಬರ್ಟ್, ಎಂಐಟಿಯ ಫಿಲಿಪ್ ಶಾರ್ಪ್ ಮೊದಲಾದವರು 1978ರಲ್ಲಿ ಸ್ಥಾಪಿಸಿದ್ದ ಬಯೋಜೆನ್ 1982ರಲ್ಲಿ ಕೆಂಡಾಲ್ ಸ್ಕ್ವೇರಿಗೆ ಬಂತು. ಅದೇ ವರ್ಷ ವೈಟ್‌ಹೆಡ್ ಸಂಸ್ಥೆ, 2004ರಲ್ಲಿ ಬ್ರಾಡ್ ಸಂಸ್ಥೆ ಹುಟ್ಟಿದವು. ಹಳೆಯ ಮಿಠಾಯಿ ಕಾರ್ಖಾನೆಯ ಕಟ್ಟಡಕ್ಕೆ ನೊವಾರ್ಟಿಸ್ ಬಂತು. ಕೋವಿಡ್ ಲಸಿಕೆ ಮಾಡಿದ ಮಾಡರ್ನಾ 2010ರಲ್ಲಿ ಆರಂಭವಾದದ್ದೂ ಕೇಂಬ್ರಿಜ್‌ನಲ್ಲೇ. ವಿಶ್ವವಿದ್ಯಾಲಯದಲ್ಲಿ ಯೋಚನೆ, ಕಂಪನಿಯಲ್ಲಿ ಔಷಧಿ, ನದಿಯಾಚೆಯ ಆಸ್ಪತ್ರೆಗಳಲ್ಲಿ ಪರೀಕ್ಷೆ, ಎಲ್ಲವೂ ನಡೆದುಹೋಗುವಷ್ಟು ಹತ್ತಿರ.

ಎಲ್ಲವೂ ಒಳ್ಳೆಯದಾಯಿತು ಎನ್ನಲಾಗದು. 1994ರಲ್ಲಿ ರಾಜ್ಯಮಟ್ಟದ ಮತದಾನದಿಂದ ಬಾಡಿಗೆ ನಿಯಂತ್ರಣ ರದ್ದಾಯಿತು. ಸಂಬಳದ ಮೇಲೆ ಬದುಕುವ ಸಾಮಾನ್ಯರಿಗೆ ಅಲ್ಲಿ ಮನೆ ಸಿಗುವುದು ಈಗ ಕಷ್ಟ. ರೋಗಾಣುವಿನ ಬಗ್ಗೆ ಊರು ಕೇಳಿದಷ್ಟು ಗಟ್ಟಿಯಾಗಿ ಮನೆಯ ಬಗ್ಗೆ ಕೇಳಲಾಗಲಿಲ್ಲ.

ಕಾಸರಗೋಡಿನವರಾದ ನಮಗೆ ಈ ಕತೆ ಓದುವಾಗ ಮನಸ್ಸು ಬೇರೆಲ್ಲಿಗೋ ಹೋಗುತ್ತದೆ. ಹೆಚ್ಚುಕಡಿಮೆ ಆ ಕಾಲದಲ್ಲೇ, 1970ರ ದಶಕದ ಕೊನೆಯ ಹೊತ್ತಿಗೆ, ನಮ್ಮ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯತೊಡಗಿದರು. ಅದು ನಿಂತದ್ದು 2000ದಲ್ಲಿ. ನಮ್ಮಲ್ಲೂ ಪ್ರಶ್ನೆ ಕೇಳಿದವರಿದ್ದರು. ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಎಚ್ಚರಿಸಿ ಬರೆದಿದ್ದರು. ಆದರೆ ಅವರನ್ನು ಕರೆದು ಕೂರಿಸಿ ಕೇಳುವ ಸಭೆ ಇರಲಿಲ್ಲ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು ಹೇಳುವಾಗ 2017 ಆಗಿತ್ತು. ಹಾಸಿಗೆ ಹಿಡಿದ ಮಗುವಿನ ತಾಯಿಗೆ ಆ ಹಣದಿಂದ ಏನು ಸಮಾಧಾನ?

ಅಲ್ಲಿ ಪ್ರಶ್ನೆ ಮೊದಲು ಬಂತು, ಪ್ರಯೋಗ ಆಮೇಲೆ. ನಮ್ಮಲ್ಲಿ ಸುರಿದದ್ದು ಮೊದಲು, ಕೇಳಿದ್ದು ಆಮೇಲೆ. ವಿಜ್ಞಾನ ದೊಡ್ಡವರ ವಿಷಯ, ನಮಗೇನು ಗೊತ್ತು ಎಂದು ಸುಮ್ಮನಾಗುವವರಿಗೆ ಆ ಎಣ್ಣೆ ವ್ಯಾಪಾರಿಯ ಸಮಿತಿಯನ್ನು ನೆನಪಿಸೋಣ. ತರಗತಿಯಲ್ಲಿ ಮಗು ಎದ್ದು ನಿಂತು 'ಯಾಕೆ?' ಎಂದು ಕೇಳಿದರೆ, 'ಕೂತುಕೋ' ಎನ್ನುವ ಮೊದಲು ನಾವು ಮಾಷ್ಟ್ರುಗಳೂ ಒಂದು ಕ್ಷಣ ಯೋಚಿಸಬೇಕು. ಏನಂತೀರಿ?