ಖಂಡೆ ಪೂಜೆಯ ಬೆಳಗು, ಒಂದು ಹಳೆಯ ಎಂಜಿನ್

ಮಹಾನವಮಿಯ ದಿನ ಬೆಳಿಗ್ಗೆ ಐದೂವರೆಗೆಲ್ಲ ಶಿಗ್ಗಾವಿ ತಾಲ್ಲೂಕಿನ ನಮ್ಮೂರಿನ ಮುಚ್ಚಿದ ಹಿಟ್ಟಿನ ಗಿರಣಿಯ ಮುಂದೆ ಜನ ಸೇರುತ್ತಾರೆ. ಯಾರೂ ಕರೆಯುವುದಿಲ್ಲ, ಚಂದಾ ಎತ್ತುವುದಿಲ್ಲ. ಖಂಡೆ ಪೂಜೆಗೆಂದು ಹಿತ್ತಲಲ್ಲಿ ಬಿದ್ದಿದ್ದ ರೆಂಟೆ, ಕುಂಟೆ, ಎಡೆಕುಂಟೆಗಳನ್ನು ತೊಳೆದು ತಂದಿಡುತ್ತಾರೆ. ಹಾನಗಲ್ಲಿನ ಬೀಗರ ಮನೆಯಿಂದ ಬಂದ ಮರದ ಕೂರಿಗೆಯೂ ಇದೆ. ಆ ಸೀಮೆಯಲ್ಲಿ ಭತ್ತವನ್ನೂ ಕೂರಿಗೆಯಿಂದಲೇ ಬಿತ್ತುವ ರೂಢಿ. ನಡುವೆ ಗಿರಣಿಯ ಹಳೆಯ ಆಯಿಲ್ ಎಂಜಿನ್. ವರ್ಷಕ್ಕೊಮ್ಮೆ, ಇದೇ ದಿನ ಅದನ್ನು ಚಾಲೂ ಮಾಡುತ್ತಾರೆ.

ಸಾಲಾಗಿಟ್ಟ ಈ ಕಬ್ಬಿಣವನ್ನು ನೋಡಿದಾಗಲೆಲ್ಲ ನನಗೆ ಧಾರವಾಡದ ಹತ್ತಿಯ ಕಥೆ ನೆನಪಾಗುತ್ತದೆ. ಈಗಿನ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮುಂಚೆ ಶಿಗ್ಗಾವಿ, ಹಾನಗಲ್ಲ, ಹಿರೇಕೆರೂರು ಧಾರವಾಡ ಜಿಲ್ಲೆಗೆ ಸೇರಿದ್ದವು; ಸವಣೂರು 1948ರವರೆಗೆ ನವಾಬರ ಸಂಸ್ಥಾನ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಈ ಸೀಮೆಯಲ್ಲಿ ಅಮೆರಿಕದ ಹತ್ತಿಯನ್ನು ಬೆಳೆಸಲು ಹೊರಟಿತು. ಜವಾರಿ ಹತ್ತಿಯ ಬೀಜವನ್ನು ನಮ್ಮ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನು ಪಾದದಿಂದ ಉರುಳಿಸಿ ಬಿಡಿಸುತ್ತಿದ್ದರು. ಅಮೆರಿಕದ ಹತ್ತಿಯ ಅರಳೆ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಅದಕ್ಕೆ ಪಾದದ ಬಲ ಸಾಲದು. ಹಾಗಾಗಿ ಬೀಜದ ಹಿಂದೆಯೇ ಗರಗಸದ ಜಿನ್ ಕೂಡ ಬಂತು. ತಿರುಗುವ ಗರಗಸದ ಹಲ್ಲುಗಳು ಅರಳೆಯನ್ನು ಕಿರಿದಾದ ಸಂದಿನಿಂದ ಎಳೆದುಕೊಳ್ಳುತ್ತವೆ, ಬೀಜ ಹಿಂದೆ ಉಳಿಯುತ್ತದೆ.

ಯಂತ್ರ ಬಂದದ್ದಷ್ಟೇ ಸಾಕಾಗಲಿಲ್ಲ. ಹಲ್ಲು ಮೊಂಡಾದರೆ ಅರಳೆಯ ಎಳೆ ತುಂಡಾಗುತ್ತದೆ, ಪೇಟೆಯಲ್ಲಿ ಬೆಲೆ ಬೀಳುತ್ತದೆ. ಅದಕ್ಕೇ ಧಾರವಾಡದಲ್ಲಿ ಜಿನ್ ಮಾಡುವ, ದುರಸ್ತಿ ಮಾಡುವ ಸರ್ಕಾರಿ ಕಾರ್ಖಾನೆ ನಡೆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧ ನಡೆದಾಗ ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ರೈಲು ಬಂದ ಮೇಲೆ ಹುಬ್ಬಳ್ಳಿ, ಗದಗಗಳಲ್ಲಿ ಉಗಿಯಂತ್ರದ ಜಿನ್ನಿಂಗ್ ಕಾರ್ಖಾನೆಗಳು ಎದ್ದವು.

ಕಬ್ಬಿಣದ ನೇಗಿಲಿನದೂ ಇಂಥದೇ ಕಥೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1903ರಲ್ಲಿ ಅದನ್ನು ತಯಾರಿಸಿದಾಗ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ರೈತರು ಹೆದರಿದರು. ಮೊದಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು. ಮರದ ರೆಂಟೆ ಮುರಿದರೆ ಬಡಿಗೇರ ಇದ್ದ, ಕುಳ ಸವೆದರೆ ಕಮ್ಮಾರ ಇದ್ದ; ಇಬ್ಬರಿಗೂ ಸುಗ್ಗಿಯಲ್ಲಿ ಕಣದಿಂದಲೇ ಆಯ ಸಲ್ಲುತ್ತಿತ್ತು. ಅಂಗಡಿಯಿಂದ ತಂದ ನೇಗಿಲು ಕೆಟ್ಟರೆ ಯಾರ ಹತ್ತಿರ ಹೋಗಬೇಕು? ರೈತರ ಹಿಂಜರಿಕೆಯನ್ನು ಬರೀ ಮೂಢನಂಬಿಕೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ.

ನಮ್ಮಲ್ಲಿಂದ ಸ್ವಲ್ಪ ದೂರದ ಗೊಟಗೋಡಿಯ ಉತ್ಸವ್ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಕಸುಬುಗಳ ಆಳೆತ್ತರದ ಪ್ರತಿಮೆಗಳಿವೆ. ಅಲ್ಲೇ ಪಕ್ಕದಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಬಂತು. ಹಳೆಯ ಬದುಕಿನ ರೂಪ ಅಲ್ಲಿ ಉಳಿಯುತ್ತದೆ, ಸಂತೋಷ. ಆದರೆ ಕೈಯ ತಿಳಿವಳಿಕೆಯನ್ನು ಸಿಮೆಂಟಿನಲ್ಲಿ ಎರಕ ಹೊಯ್ಯಲಾಗದು.

ಗಿರಣಿ ನಡೆಸುತ್ತಿದ್ದ ಕಾಕಾನಿಗೆ ಈಗ ಎಂಬತ್ತರ ಹತ್ತಿರ. ಈ ಸಲ ಹ್ಯಾಂಡಲ್ ತಿರುಗಿಸಲು ಅವರಿಗೆ ಆಗಲಿಲ್ಲ. ‘ಗುಜರಿಯವ ಎರಡ ಸಲ ಬಂದು ಹೋದ. ಎಂಜಿನ್ ಇನ್ನೂ ಚಲೋ ಐತಿ ತಮ್ಮಾ. ವಾಲ್ವ್ ತಿಕ್ಕಾಕ ಬರೋರ ಇಲ್ಲ’ ಎಂದರು. ‘ನನಗರೆ ಹೇಳಿಕೊಡ್ರಿ ಕಾಕಾ’ ಎಂದೆ.

ಹ್ಯಾಂಡಲ್ ನನ್ನ ಕೈಗೆ ಬಂತು. ಎರಡು ಸಲ ಬರೀ ಉಸಿರು ಬಿಟ್ಟಿತು. ಮೂರನೇ ಸಲ ಕರಿ ಹೊಗೆ ಉಗುಳಿ ಟುಕ್ ಟುಕ್ ಎನ್ನತೊಡಗಿತು. ಹುಡುಗರು ಮೊಬೈಲ್ ಹಿಡಿದು ಓಡಿ ಬಂದರು. ಐದು ನಿಮಿಷದ ನಂತರ ಎಂಜಿನ್ ಬಂದ್ ಮಾಡಿ, ತಣ್ಣಗಾಗುವವರೆಗೂ ಕೂತೆವು. ಆಮೇಲೆ ಕಾಕಾ ಅಂಗಿಯ ಕಿಸೆಯಿಂದ ಒಂದು ಹಳೆಯ ಪೋಸ್ಟ್‌ಕಾರ್ಡ್ ತೆಗೆದು, ವಾಲ್ವಿನ ಮೇಲಿನ ಸಂದಿನಲ್ಲಿ ತೂರಿಸಿ, ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ತೋರಿಸಿದರು. ಮೊದಲ ಸಲ ನನ್ನ ಅಂದಾಜು ತಪ್ಪಿತು. ಕಾರ್ಡನ್ನು ಮತ್ತೆ ನನ್ನ ಕೈಗೇ ಕೊಟ್ಟರು.