ಅಫಿಲಿಯೇಟ್ ಮಾರ್ಕೆಟಿಂಗ್: ಕೊಂಡಿಯ ಹಿಂದಿನ ದಲಾಲಿ ಲೆಕ್ಕ

ಮನೆಗೊಂದು ಮಿಕ್ಸರ್ ಕೊಳ್ಳಬೇಕೆಂದರೆ ಅಂತರ್ಜಾಲದಲ್ಲಿ ನಾಲ್ಕಾರು ವಿಮರ್ಶೆಗಳನ್ನು ಓದುವುದು, ಒಂದೆರಡು ವಿಡಿಯೊ ನೋಡುವುದು ಈಗ ನಗರವಾಸಿಗಳ ರೂಢಿಯಾಗಿದೆ. ಅಂತಹ ವಿಮರ್ಶೆಯ ಕೆಳಗೆ 'ಇಲ್ಲಿ ಖರೀದಿಸಿ' ಎಂಬ ಕೊಂಡಿಯೊಂದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದನ್ನು ಒತ್ತಿದವರು ಮಾರಾಟ ತಾಣಕ್ಕೆ ಹೋಗಿ ಮಿಕ್ಸರ್ ಕೊಂಡರೆ, ವಿಮರ್ಶೆ ಮಾಡಿದವರ ಖಾತೆಗೆ ಇಂತಿಷ್ಟು ಕಮಿಷನ್ ಜಮೆಯಾಗುತ್ತದೆ. ಗ್ರಾಹಕರು ತೆರುವ ಬೆಲೆಯಲ್ಲಿ ಇದರಿಂದ ಸಾಮಾನ್ಯವಾಗಿ ವ್ಯತ್ಯಾಸವಾಗುವುದಿಲ್ಲ. ಕಮಿಷನ್ ಕೊಡುವುದು ಮಾರುವ ಸಂಸ್ಥೆ. ಈ ವ್ಯವಸ್ಥೆಗೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು.

ದಲಾಲಿ ನಮ್ಮ ನಾಡಿಗೆ ಹೊಸತೇನಲ್ಲ. ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಗಳಿಂದ ಹಿಡಿದು ಬಾಡಿಗೆ ಮನೆ ತೋರಿಸುವ ಬ್ರೋಕರ್‌ವರೆಗೆ ಎಲ್ಲರೂ ಮಾಡುವುದು ಇದೇ ಕೆಲಸ. ಆದರೆ ಅಲ್ಲಿ ದಲಾಲರು ಕಣ್ಣೆದುರಿಗೇ ಇರುತ್ತಾರೆ. ಅವರ ಪಾಲು ಎಷ್ಟೆಂಬುದೂ ಬಹುಮಟ್ಟಿಗೆ ತಿಳಿದಿರುತ್ತದೆ. ಅಂತರ್ಜಾಲದ ದಲಾಲಿಯಲ್ಲಿ ಹಾಗಿಲ್ಲ. ಸಲಹೆ ಕೊಟ್ಟವರು ಕಮಿಷನ್ ಪಡೆಯುತ್ತಿದ್ದಾರೆಂಬುದು ಅನೇಕ ಸಲ ಗ್ರಾಹಕರಿಗೆ ಕಾಣುವುದಿಲ್ಲ; ಗ್ರಾಹಕರನ್ನು ಕರೆತಂದವರು ಯಾರೆಂಬ ಲೆಕ್ಕ ಹೇಗೆ ನಡೆಯಿತೆಂಬುದು ಸಲಹೆ ಕೊಟ್ಟವರಿಗೂ ಕಾಣುವುದಿಲ್ಲ. ಮೂರು ದಶಕಗಳಲ್ಲಿ ಬೃಹತ್ತಾಗಿ ಬೆಳೆದಿರುವ ಈ ಉದ್ಯಮದ ಇಂದಿನ ಬಹುತೇಕ ತಕರಾರುಗಳ ಮೂಲ ಈ ಎರಡು ಮರೆಗಳಲ್ಲೇ ಇದೆ.

ಲೆಕ್ಕ ನಡೆಯುವುದು ಹೇಗೆ?

ಈ ವ್ಯವಹಾರದಲ್ಲಿ ಮೂವರು ಪಾತ್ರಧಾರಿಗಳು: ಮಾರುವ ಸಂಸ್ಥೆ, ಪ್ರಚಾರ ಮಾಡುವ ಅಫಿಲಿಯೇಟ್ ಸದಸ್ಯ ಹಾಗೂ ಗ್ರಾಹಕ. ಮಾರುವವರಿಗೂ ಸದಸ್ಯರಿಗೂ ನಡುವೆ ಲೆಕ್ಕವಿಟ್ಟು ಹಣ ಹಂಚುವ 'ನೆಟ್‌ವರ್ಕ್' ಎಂಬ ಮಧ್ಯವರ್ತಿ ಸಂಸ್ಥೆಗಳೂ ಇವೆ. ಪ್ರತಿ ಸದಸ್ಯರಿಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಅವರು ಹಂಚುವ ಕೊಂಡಿಯಲ್ಲಿ ಈ ಸಂಖ್ಯೆ ಅಡಗಿರುತ್ತದೆ. ಕೊಂಡಿಯನ್ನು ಒತ್ತಿದಾಗ ಗ್ರಾಹಕರ ಬ್ರೌಸರ್‌ನಲ್ಲಿ 'ಕುಕಿ' ಎಂಬ ಚಿಕ್ಕ ಕಡತವೊಂದು ಉಳಿದುಕೊಳ್ಳುತ್ತದೆ. ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ 1994ರಲ್ಲಿ ರೂಪಿಸಿದ ಈ ಕುಕಿಯೇ ಅಂತರ್ಜಾಲದ ದಲಾಲಿಗೆ ಲೆಕ್ಕದ ಪುಸ್ತಕವಾಯಿತು.

ಕುಕಿಗೆ ಅವಧಿಯ ಮಿತಿಯಿದೆ. ಅಮೆಜಾನ್ ಯೋಜನೆಯಲ್ಲಿ ಅದು ಸಾಮಾನ್ಯವಾಗಿ 24 ಗಂಟೆ. ಬೇರೆ ಕೆಲವು ಸಂಸ್ಥೆಗಳಲ್ಲಿ 30 ದಿನ ಅಥವಾ ಅದಕ್ಕೂ ಹೆಚ್ಚು. ಆ ಅವಧಿಯೊಳಗೆ ಖರೀದಿ ನಡೆದರೆ ಮಾತ್ರ ಕಮಿಷನ್. ಗ್ರಾಹಕರು ವಸ್ತುವನ್ನು ಹಿಂದಿರುಗಿಸಿದರೆ ಕಮಿಷನ್ ಕೂಡ ರದ್ದಾಗುತ್ತದೆ.

ಒಂದು ಉದಾಹರಣೆ ನೋಡೋಣ. 4,000 ರೂ. ಬೆಲೆಯ ಮಿಕ್ಸರ್‌ಗೆ ಶೇ 5ರಷ್ಟು ಕಮಿಷನ್ ಎಂದುಕೊಂಡರೆ ಒಂದು ಮಾರಾಟಕ್ಕೆ ಸಿಗುವುದು 200 ರೂ. ಕೊಂಡಿ ಒತ್ತಿದ 100 ಮಂದಿಯಲ್ಲಿ ಇಬ್ಬರು ಕೊಂಡರೆ 400 ರೂ. ಒಬ್ಬರು ಹಿಂದಿರುಗಿಸಿದರೆ ಉಳಿಯುವುದು 200 ರೂ. ಮಾತ್ರ. ಮಾರುವ ಸಂಸ್ಥೆಗೆ ಈ ಪದ್ಧತಿ ಪ್ರಿಯವಾಗಿರುವುದಕ್ಕೆ ಕಾರಣವೂ ಇದೇ. ಪತ್ರಿಕೆ ಅಥವಾ ಟಿ.ವಿ. ಜಾಹೀರಾತಿಗೆ ಮಾರಾಟವಾಗಲಿ ಬಿಡಲಿ ಮೊದಲೇ ಹಣ ತೆರಬೇಕು; ಇಲ್ಲಿ ಮಾಲು ಮಾರಾಟವಾದ ಮೇಲಷ್ಟೇ ಖರ್ಚು. ನಷ್ಟದ ಭಾರವೆಲ್ಲ ಪ್ರಚಾರ ಮಾಡುವವರ ಹೆಗಲಿಗೆ ಬೀಳುತ್ತದೆ.

ಹೂವಿನ ಅಂಗಡಿಯಿಂದ ಆರಂಭ

ಈ ಪದ್ಧತಿಯ ಮೊದಲಿಗರಲ್ಲಿ ಅಮೆರಿಕದ ವಿಲಿಯಂ ಜೆ. ಟೋಬಿನ್ ಹೆಸರು ಪ್ರಮುಖವಾದುದು. ಅವರ 'ಪಿಸಿ ಫ್ಲವರ್ಸ್ ಅಂಡ್ ಗಿಫ್ಟ್ಸ್' ಸಂಸ್ಥೆ 1989ರಲ್ಲಿ ಪ್ರಾಡಿಜಿ ಎಂಬ ಕಂಪ್ಯೂಟರ್ ಜಾಲದಲ್ಲಿ ಹೂವು ಮಾರಲಾರಂಭಿಸಿ, ಮಾರಾಟದಲ್ಲಿ ಆ ಜಾಲಕ್ಕೆ ಪಾಲು ಕೊಡುತ್ತಿತ್ತು. ಟೋಬಿನ್ 1996ರ ಜನವರಿಯಲ್ಲಿ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. 2000ನೇ ಇಸವಿಯಲ್ಲಿ ಅದು ದೊರೆಯಿತು. ಈ ನಡುವೆ ಸಂಗೀತದ ಸಿ.ಡಿ. ಮಾರುತ್ತಿದ್ದ ಸಿಡಿನೌ ಎಂಬ ತಾಣ 1994ರ ನವೆಂಬರ್‌ನಲ್ಲಿ, ತನ್ನ ಪುಟಗಳಿಗೆ ಕೊಂಡಿ ಕೊಡುವ ಸಂಗೀತ ವಿಮರ್ಶಾ ತಾಣಗಳಿಗೆ ಪಾಲು ನೀಡುವ ಯೋಜನೆ ಆರಂಭಿಸಿತ್ತು.

ಆದರೆ ಈ ಪದ್ಧತಿಯನ್ನು ಜನಸಾಮಾನ್ಯರ ಬಳಿಗೆ ಒಯ್ದದ್ದು ಅಮೆಜಾನ್. 1996ರ ಜುಲೈನಲ್ಲಿ ಅದು ಆರಂಭಿಸಿದ 'ಅಸೋಸಿಯೇಟ್ಸ್' ಯೋಜನೆಯಡಿ ಯಾರು ಬೇಕಾದರೂ ತಮ್ಮ ತಾಣದಲ್ಲಿ ಪುಸ್ತಕವೊಂದಕ್ಕೆ ಕೊಂಡಿ ಹಾಕಿ ಕಮಿಷನ್ ಗಳಿಸಬಹುದಾಯಿತು. ಅದೇ ವರ್ಷ ಲಿಂಕ್‌ಶೇರ್, 1998ರಲ್ಲಿ ಕಮಿಷನ್ ಜಂಕ್ಷನ್ ಹಾಗೂ ಕ್ಲಿಕ್‌ಬ್ಯಾಂಕ್ ಎಂಬ ಮಧ್ಯವರ್ತಿ ಸಂಸ್ಥೆಗಳು ಹುಟ್ಟಿಕೊಂಡವು. ಜಪಾನಿನ ರಾಕುಟೆನ್ 2005ರಲ್ಲಿ ಲಿಂಕ್‌ಶೇರ್ ಅನ್ನು 42.5 ಕೋಟಿ ಡಾಲರ್ ಕೊಟ್ಟು ಕೊಂಡಿತೆಂದರೆ ಈ ವ್ಯವಹಾರದ ಬೆಳವಣಿಗೆಯ ವೇಗವನ್ನು ಊಹಿಸಬಹುದು. 2016ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ, ವಸ್ತುಗಳನ್ನು ಪರೀಕ್ಷಿಸಿ ಶಿಫಾರಸು ಮಾಡಿ ಕಮಿಷನ್ ಗಳಿಸುವ ವೈರ್‌ಕಟರ್ ತಾಣವನ್ನು ಸುಮಾರು 3 ಕೋಟಿ ಡಾಲರ್‌ಗೆ ಖರೀದಿಸಿತು. ಜಾಹೀರಾತು ಆದಾಯ ಕುಸಿಯುತ್ತಿದ್ದ ಸುದ್ದಿ ಸಂಸ್ಥೆಗಳಿಗೂ ಇದು ಆದಾಯದ ದಾರಿಯಾಯಿತು.

ಆದರೆ ಸದಸ್ಯರ ಗಳಿಕೆ ಎಷ್ಟು ಅಭದ್ರ ಎಂಬುದೂ ಈ ಅವಧಿಯಲ್ಲೇ ಸ್ಪಷ್ಟವಾಯಿತು. ಅಮೆರಿಕದ ಕೆಲವು ರಾಜ್ಯಗಳು, ಅಫಿಲಿಯೇಟ್ ಸದಸ್ಯರು ತಮ್ಮಲ್ಲಿರುವುದರಿಂದ ಅಮೆಜಾನ್ ಮಾರಾಟ ತೆರಿಗೆ ವಸೂಲು ಮಾಡಬೇಕೆಂದು ಕಾನೂನು ಮಾಡಿದವು. 2008ರಲ್ಲಿ ನ್ಯೂಯಾರ್ಕ್ ಇದಕ್ಕೆ ನಾಂದಿ ಹಾಡಿತು. 2011ರಲ್ಲಿ ಕ್ಯಾಲಿಫೋರ್ನಿಯಾ ಇಂತಹುದೇ ಕಾನೂನು ತಂದಾಗ ಅಮೆಜಾನ್ ಅಲ್ಲಿನ ಸಾವಿರಾರು ಸದಸ್ಯರನ್ನು ಒಮ್ಮೆಗೇ ಕೈಬಿಟ್ಟಿತು. ಸರ್ಕಾರದೊಂದಿಗೆ ಒಪ್ಪಂದವಾದ ಮೇಲಷ್ಟೇ ಮರಳಿ ಸೇರಿಸಿಕೊಂಡಿತು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ ಆನ್‌ಲೈನ್ ಖರೀದಿ ಏರುತ್ತಿದ್ದಾಗಲೇ ಅದು ಅಮೆರಿಕದಲ್ಲಿ ದಿನಸಿಯ ಕಮಿಷನ್ ಅನ್ನು ಶೇ 5ರಿಂದ 1ಕ್ಕೆ, ಪೀಠೋಪಕರಣಗಳದ್ದನ್ನು ಶೇ 8ರಿಂದ 3ಕ್ಕೆ ಇಳಿಸಿತು. ಸದಸ್ಯರಿಗೆ ಒಪ್ಪುವುದು ಅಥವಾ ಬಿಡುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ.

ಭಾರತದಲ್ಲಿ, ಕನ್ನಡದಲ್ಲಿ

ಭಾರತದಲ್ಲಿ ಈ ವ್ಯವಹಾರಕ್ಕೆ ನೆಲೆ ಸಿಕ್ಕಿದ್ದು ಆನ್‌ಲೈನ್ ಮಾರಾಟ ಬೇರೂರಿದ ಬಳಿಕವೇ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕದ ಮಳಿಗೆಯಾಗಿ ಹುಟ್ಟಿದ ಫ್ಲಿಪ್‌ಕಾರ್ಟ್, 2013ರ ಜೂನ್‌ನಲ್ಲಿ ಭಾರತಕ್ಕೆ ಕಾಲಿಟ್ಟ ಅಮೆಜಾನ್ ಎರಡೂ ಅಫಿಲಿಯೇಟ್ ಯೋಜನೆಗಳನ್ನು ನಡೆಸಿದವು. 2013ರಲ್ಲೇ ಆರಂಭವಾದ ಕ್ಯಾಶ್‌ಕರೋ, ತನಗೆ ಬಂದ ಕಮಿಷನ್‌ನ ಒಂದು ಭಾಗವನ್ನು ಗ್ರಾಹಕರಿಗೇ ಹಿಂದಿರುಗಿಸುವ ಕ್ಯಾಶ್‌ಬ್ಯಾಕ್ ಮಾದರಿಯನ್ನು ಜನಪ್ರಿಯಗೊಳಿಸಿತು. 2015ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೀಶೊ, ಗೃಹಿಣಿಯರು ವಾಟ್ಸ್‌ಆಪ್ ಮೂಲಕ ಸೀರೆ, ಪಾತ್ರೆಗಳ ಚಿತ್ರ ಕಳುಹಿಸಿ ತಮ್ಮ ಲಾಭಾಂಶ ಸೇರಿಸಿ ಮಾರುವ ದಾರಿ ತೆರೆಯಿತು. ತಾಂತ್ರಿಕವಾಗಿ ಇದು ಮರುಮಾರಾಟವೇ ಹೊರತು ಅಫಿಲಿಯೇಟ್ ವ್ಯವಹಾರವಲ್ಲವಾದರೂ ಎರಡೂ ನಿಂತಿರುವುದು ಪರಿಚಿತರ ಮಾತಿನ ಮೇಲಿನ ವಿಶ್ವಾಸದ ಮೇಲೆ.

ಕನ್ನಡದ ಮಟ್ಟಿಗೆ 2020 ಮಹತ್ವದ ವರ್ಷ. ಆ ವರ್ಷ ಜೂನ್‌ನಲ್ಲಿ ಫ್ಲಿಪ್‌ಕಾರ್ಟ್, ಸೆಪ್ಟೆಂಬರ್‌ನಲ್ಲಿ ಅಮೆಜಾನ್ ಕನ್ನಡದಲ್ಲಿ ಖರೀದಿಯ ಸೌಲಭ್ಯ ಒದಗಿಸಿದವು. ಮೊಬೈಲ್ ದರ ಅಗ್ಗವಾದ ಮೇಲೆ ಬೆಳೆದಿದ್ದ ಕನ್ನಡದ ಯೂಟ್ಯೂಬ್ ವಾಹಿನಿಗಳಿಗೆ ಇದರಿಂದ ಅನುಕೂಲವಾಯಿತು: ವಿಮರ್ಶೆಯೂ ಕನ್ನಡದಲ್ಲಿ, ಖರೀದಿಯೂ ಕನ್ನಡದಲ್ಲಿ. 2024ರ ಅಕ್ಟೋಬರ್‌ನಲ್ಲಿ ಯೂಟ್ಯೂಬ್ ಸ್ವತಃ ಫ್ಲಿಪ್‌ಕಾರ್ಟ್ ಹಾಗೂ ಮಿಂತ್ರಾ ಜತೆಗೂಡಿ ಭಾರತದಲ್ಲಿ ತನ್ನ ಅಫಿಲಿಯೇಟ್ ಯೋಜನೆಯನ್ನು ಪ್ರಕಟಿಸಿತು. ಇದರೊಂದಿಗೆ ವಿಡಿಯೊದೊಳಗೇ ವಸ್ತುವಿನ ಕೊಂಡಿ ತೋರಿಸುವುದು ಸಾಧ್ಯವಾಯಿತು.

ಯಾರ ಶ್ರಮ, ಯಾರ ಕಮಿಷನ್?

ಮೊದಲನೆಯ ಮರೆ ಲೆಕ್ಕದ್ದು. ಬಹುತೇಕ ಯೋಜನೆಗಳಲ್ಲಿ ಕೊನೆಯ ಕೊಂಡಿಗೇ ಪೂರ್ತಿ ಕಮಿಷನ್. ಒಬ್ಬರು ಮಿಕ್ಸರ್ ಅನ್ನು ತಿಂಗಳುಗಟ್ಟಲೆ ಬಳಸಿ ನೋಡಿ ವಿಡಿಯೊ ಮಾಡಿರಬಹುದು. ಗ್ರಾಹಕರು ಅದನ್ನು ನೋಡಿಯೇ ಕೊಳ್ಳಲು ನಿರ್ಧರಿಸಿರಬಹುದು. ಆದರೆ ಹಣ ಪಾವತಿಸುವ ಮುನ್ನ ರಿಯಾಯಿತಿ ಕೂಪನ್ ಹುಡುಕಿ ಬೇರೊಂದು ತಾಣದ ಕೊಂಡಿ ಒತ್ತಿದರೆ, ಕಮಿಷನ್ ಆ ಕೂಪನ್ ತಾಣದ ಪಾಲಾಗುತ್ತದೆ.

ಈ ದೌರ್ಬಲ್ಯವನ್ನು ವಂಚಕರು ಬಹಳ ಹಿಂದೆಯೇ ಕಂಡುಕೊಂಡರು. ಗ್ರಾಹಕರು ಯಾವ ಕೊಂಡಿಯನ್ನೂ ಒತ್ತದಿದ್ದರೂ ಅವರ ಬ್ರೌಸರ್‌ಗೆ ಗುಟ್ಟಾಗಿ ಕುಕಿ ತುರುಕುವುದು ಅವರ ಉಪಾಯ. ಈಬೇ ಸಂಸ್ಥೆಯ ಅತಿ ಹೆಚ್ಚು ಗಳಿಸುತ್ತಿದ್ದ ಅಫಿಲಿಯೇಟ್ ಸದಸ್ಯರಲ್ಲಿ ಇಬ್ಬರ ಮೇಲೆ ಇದೇ ಆರೋಪದಡಿ 2010ರಲ್ಲಿ ಅಮೆರಿಕದಲ್ಲಿ ಕ್ರಿಮಿನಲ್ ಮೊಕದ್ದಮೆ ದಾಖಲಾಗಿ, 2014ರಲ್ಲಿ ಇಬ್ಬರಿಗೂ ಸೆರೆವಾಸದ ಶಿಕ್ಷೆಯಾಯಿತು.

ಇತ್ತೀಚಿನ ವಿವಾದ ಇನ್ನೂ ದೊಡ್ಡದು. ಬ್ರೌಸರ್‌ನಲ್ಲಿ ತಾನಾಗಿ ಕೂಪನ್ ಹುಡುಕಿಕೊಡುವ 'ಹನಿ' ಎಂಬ ಸಾಧನದ ಸಂಸ್ಥೆಯನ್ನು ಪೇಪಾಲ್ ಸುಮಾರು 400 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ 2019ರಲ್ಲಿ ಘೋಷಿಸಿತ್ತು. ಹಣ ಪಾವತಿಯ ಹಂತದಲ್ಲಿ ಈ ಸಾಧನವು ವಿಡಿಯೊ ನಿರ್ಮಾಪಕರ ಗುರುತಿನ ಜಾಗದಲ್ಲಿ ತನ್ನ ಗುರುತನ್ನು ಕೂರಿಸಿ ಕಮಿಷನ್ ಕಸಿಯುತ್ತಿದೆ ಎಂದು 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ವಿಡಿಯೊವೊಂದು ಆರೋಪಿಸಿತು. ಕೊನೆಯ ಕೊಂಡಿಗೆ ಮನ್ನಣೆ ಕೊಡುವ ಉದ್ಯಮದ ರೂಢಿಯನ್ನೇ ತಾನು ಪಾಲಿಸುತ್ತಿರುವುದಾಗಿ ಸಂಸ್ಥೆ ಸಮರ್ಥಿಸಿಕೊಂಡಿತು. ವಿಡಿಯೊ ನಿರ್ಮಾಪಕರು ನ್ಯಾಯಾಲಯದ ಮೆಟ್ಟಿಲೇರಿದರು. 2025ರ ಮಾರ್ಚ್‌ನಲ್ಲಿ ಗೂಗಲ್, ಗ್ರಾಹಕರಿಗೆ ನೇರ ಪ್ರಯೋಜನವಿಲ್ಲದೆ ಅಫಿಲಿಯೇಟ್ ಗುರುತು ಸೇರಿಸುವುದನ್ನು ತಡೆಯುವಂತೆ ಕ್ರೋಮ್ ಬ್ರೌಸರ್‌ನ ಇಂತಹ ಸಾಧನಗಳಿಗೆ ನಿಯಮ ಬಿಗಿಗೊಳಿಸಿತು.

ಸಲಹೆಯೋ ಜಾಹೀರಾತೋ?

ಎರಡನೆಯ ಮರೆ ಗ್ರಾಹಕರ ಕಣ್ಣಿಗೆ ಕಟ್ಟಿದ್ದು. ಕಮಿಷನ್ ಪಡೆಯುವವರೆಲ್ಲ ಸುಳ್ಳು ಹೇಳುತ್ತಾರೆಂದಲ್ಲ. ಆದರೆ ಹೆಚ್ಚು ಕಮಿಷನ್ ಇರುವ ವಸ್ತುವನ್ನೇ ಹೊಗಳುವ ಪ್ರಲೋಭನೆ ಇದ್ದೇ ಇದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಇಂತಹ ಸಂಬಂಧವನ್ನು ಬಹಿರಂಗಪಡಿಸಬೇಕೆಂದು ಮಾರ್ಗಸೂಚಿಯಲ್ಲಿ ತಿಳಿಸಿತು. ನಮ್ಮಲ್ಲಿ ಜಾಹೀರಾತು ಗುಣಮಟ್ಟ ಮಂಡಳಿಯು 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2023ರ ಜನವರಿಯಲ್ಲಿ ಪ್ರಭಾವಿಗಳಿಗೆ ಮಾರ್ಗಸೂಚಿ ಹೊರಡಿಸಿದವು. ಹಣ, ಉಡುಗೊರೆ, ಕಮಿಷನ್ ಯಾವುದೇ ಲಾಭವಿದ್ದರೂ ಅದನ್ನು ಎದ್ದುಕಾಣುವಂತೆ, ಸರಳ ಭಾಷೆಯಲ್ಲಿ ಹೇಳಬೇಕೆಂಬುದು ಇವುಗಳ ಸಾರ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ, ಪುನರಾವರ್ತನೆಯಾದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ.

ಹಣಕಾಸು ಕ್ಷೇತ್ರದಲ್ಲಿ ಕ್ರಮ ಇನ್ನೂ ಕಠಿಣ. ನೋಂದಣಿಯಿಲ್ಲದೆ ಹೂಡಿಕೆ ಸಲಹೆ ನೀಡುವವರೊಂದಿಗೆ ಷೇರು ದಲ್ಲಾಳಿ ಸಂಸ್ಥೆಗಳು ವ್ಯವಹಾರ ಸಂಬಂಧ ಇಟ್ಟುಕೊಳ್ಳುವುದನ್ನು ಸೆಬಿ 2024ರಲ್ಲಿ ನಿರ್ಬಂಧಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜತೆಗೆ ಅವುಗಳ ಜಾಹೀರಾತಿಗೂ ನಿಷೇಧ ಹೇರಿತು.

ಇಂದಿನ ಸ್ಥಿತಿ

ಹುಡುಕಾಟದಿಂದ ಬರುವ ಓದುಗರನ್ನೇ ನೆಚ್ಚಿದ ತಾಣಗಳಿಗೆ ಇದು ಸಂಕಷ್ಟದ ಕಾಲ. ವಸ್ತುವನ್ನು ಮುಟ್ಟಿಯೂ ನೋಡದೆ 'ಹತ್ತು ಉತ್ತಮ ಮಿಕ್ಸರ್‌ಗಳು' ಎಂದು ಪಟ್ಟಿ ಮಾಡುವ ಪುಟಗಳನ್ನು ಹಿಂದಕ್ಕೆ ತಳ್ಳಲು ಗೂಗಲ್ 2021ರಿಂದ ಕ್ರಮ ಕೈಗೊಂಡಿತು. ಹೆಸರಾಂತ ತಾಣಗಳ ಒಂದು ಮೂಲೆಯಲ್ಲಿ ಬೇರೆಯವರು ಕೂಪನ್ ಪುಟ ನಡೆಸುವುದರ ಮೇಲೂ 2024ರ ಮೇ ತಿಂಗಳಿನಿಂದ ಕಡಿವಾಣ ಬಿತ್ತು. ಅದೇ ವರ್ಷ ಹುಡುಕಾಟದ ಪುಟದಲ್ಲೇ ಕೃತಕ ಬುದ್ಧಿಮತ್ತೆಯ ಉತ್ತರ ಕಾಣಿಸಿಕೊಳ್ಳಲಾರಂಭಿಸಿತು. ಉತ್ತರ ಅಲ್ಲೇ ಸಿಕ್ಕಿದರೆ ವಿಮರ್ಶೆಯ ಪುಟಕ್ಕೆ ಬರುವವರು ಯಾರು ಎಂಬ ಆತಂಕ ಈಗ ಬರೆಯುವವರನ್ನು ಕಾಡುತ್ತಿದೆ. ಲೆಕ್ಕದ ಆಧಾರವಾದ ಕುಕಿಯೂ ದುರ್ಬಲವಾಗಿದೆ: ಆಪಲ್‌ನ ಸಫಾರಿ ಬ್ರೌಸರ್ 2020ರಿಂದ ಹೊರಗಿನವರ ಕುಕಿಗಳನ್ನು ಪೂರ್ಣವಾಗಿ ತಡೆಯುತ್ತಿದೆ. ಕ್ರೋಮ್‌ನಲ್ಲೂ ಹಾಗೆ ಮಾಡುವ ಯೋಜನೆಯನ್ನು ಗೂಗಲ್ 2024ರಲ್ಲಿ ಕೈಬಿಟ್ಟಿದ್ದರಿಂದ ಉದ್ಯಮ ತುಸು ಉಸಿರಾಡುವಂತಾಯಿತು.

ಇನ್ನೊಂದೆಡೆ ಅಫಿಲಿಯೇಟ್ ಎಂಬ ಹೆಸರನ್ನೇ ಬಳಸಿ ಮೋಸ ಮಾಡುವವರೂ ಇದ್ದಾರೆ. 'ಮನೆಯಲ್ಲೇ ಕುಳಿತು ಲಕ್ಷ ಗಳಿಸಿ' ಎಂದು ತರಬೇತಿ ಮಾರುವುದು, ಆ ತರಬೇತಿಯನ್ನೇ ಇನ್ನೊಬ್ಬರಿಗೆ ಮಾರಿದರೆ ಕಮಿಷನ್ ಎನ್ನುವುದು ಒಂದು ಬಗೆ. ಟೆಲಿಗ್ರಾಂನಲ್ಲಿ ಚಿಕ್ಕಪುಟ್ಟ 'ಟಾಸ್ಕ್' ಕೊಟ್ಟು, ಮೊದಲು ಅಲ್ಪ ಹಣ ನೀಡಿ, ಆಮೇಲೆ ದೊಡ್ಡ ಮೊತ್ತ ಕಟ್ಟಿಸಿಕೊಂಡು ಮಾಯವಾಗುವುದು ಇನ್ನೊಂದು ಬಗೆ. ಪಿರಮಿಡ್ ಯೋಜನೆಗಳನ್ನು 2021ರ ನೇರ ಮಾರಾಟ ನಿಯಮಗಳು ನಿಷೇಧಿಸಿವೆ.

ಗಮನದಲ್ಲಿರಲಿ

* ಅಮೆಜಾನ್‌ನಂತಹ ಮಾರಾಟ ಸಂಸ್ಥೆಗಳ ಅಫಿಲಿಯೇಟ್ ಯೋಜನೆಗೆ ಸೇರಲು ಶುಲ್ಕವಿಲ್ಲ. ಸೇರಲು ಹಣ ಕೇಳಿದರೆ, ಜನರನ್ನು ಸೇರಿಸಿದ್ದಕ್ಕೇ ಕಮಿಷನ್ ಎಂದರೆ ಅನುಮಾನಿಸಬೇಕು.
* ಈ ಗಳಿಕೆಯೂ ಆದಾಯ ತೆರಿಗೆಯ ವ್ಯಾಪ್ತಿಗೆ ಬರುತ್ತದೆ. ಲೆಕ್ಕ ಇಟ್ಟುಕೊಳ್ಳುವುದು ಕ್ಷೇಮ.
* ಒಂದೇ ಸಂಸ್ಥೆಯ ಕಮಿಷನ್ ನೆಚ್ಚಿ ನೌಕರಿ ಬಿಡುವ ಮುನ್ನ, ದರ ಇಳಿಸುವ ಅಧಿಕಾರ ಆ ಸಂಸ್ಥೆಯ ಕೈಯಲ್ಲಿದೆ ಎಂಬುದನ್ನು ಮರೆಯಬಾರದು.
* ವಿಮರ್ಶೆ ಓದುವವರು, ಬರೆದವರು ಕಮಿಷನ್ ವಿಷಯ ಹೇಳಿಕೊಂಡಿದ್ದಾರೆಯೇ, ವಸ್ತುವಿನ ದೋಷಗಳನ್ನೂ ಹೇಳಿದ್ದಾರೆಯೇ ಎಂದು ನೋಡಬೇಕು.
* ಹಣ ಕಳೆದುಕೊಂಡವರು ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು.

ಮಾರುವವರಿಗೆ ಖರ್ಚಿನ ಭಯವಿಲ್ಲ, ಬರೆಯುವವರಿಗೆ ಬಂಡವಾಳದ ಹಂಗಿಲ್ಲ. ಈ ವ್ಯವಹಾರ ಬೆಳೆದದ್ದು ಈ ಅನುಕೂಲದಿಂದ. ಆದರೆ ಮಿಕ್ಸರ್ ಚೆನ್ನಾಗಿದೆ ಎಂಬ ಮಾತನ್ನು ಓದುಗರು ನಂಬುವವರೆಗೆ ಮಾತ್ರ ಕೊಂಡಿಗೆ ಬೆಲೆ. ತಾನು ಕಮಿಷನ್ ಪಡೆಯುತ್ತೇನೆಂದು ಮೊದಲೇ ಹೇಳಿ, ಆಮೇಲೂ ವಸ್ತುವಿನ ಕುಂದನ್ನು ಮರೆಮಾಚದವರ ಮಾತಿಗೆ ಮುಂದೆಯೂ ಗಿರಾಕಿಗಳಿರುತ್ತಾರೆ ಎನ್ನಲು ಅಡ್ಡಿಯಿಲ್ಲ.