ಪ್ರಾಚೀನ ವೈದ್ಯಶಿಕ್ಷಣದಲ್ಲಿ ಆಚಾರ್ಯನ ಹೊಣೆ

ಪ್ರಾಚೀನ ಭಾರತದ ಗುರುಶಿಷ್ಯ ಸಂಬಂಧವನ್ನು ಕುರಿತು ಬರೆಯುವವರು ಶಿಷ್ಯನ ವಿಧೇಯತೆಯನ್ನೇ ವಿಸ್ತರಿಸಿ ಹೇಳುವುದುಂಟು. ಗುರುವಿನ ಹೊಣೆಯ ಮಾತು ವಿರಳ. ವೈದ್ಯಶಿಕ್ಷಣದ ಮಟ್ಟಿಗಾದರೂ ಈ ಚಿತ್ರವು ಅರ್ಧಸತ್ಯವೆಂದು ನಮಗೆ ತೋರುತ್ತದೆ.

ಚರಕಸಂಹಿತೆಯ ವಿಮಾನಸ್ಥಾನದ 8ನೆಯ ಅಧ್ಯಾಯವನ್ನು ನೋಡಬಹುದು. ವೈದ್ಯನಾಗಬಯಸುವವನು ಮೊದಲು ಶಾಸ್ತ್ರಗ್ರಂಥವನ್ನು ಪರೀಕ್ಷಿಸಬೇಕು, ಅನಂತರ ಆಚಾರ್ಯನನ್ನು ಪರೀಕ್ಷಿಸಬೇಕು ಎಂದು ಅಲ್ಲಿ ವಿಧಿಸಿದೆ. ಆಚಾರ್ಯನು ಶಿಷ್ಯನನ್ನು ಪರೀಕ್ಷಿಸುವುದು ಆಮೇಲಿನ ಮಾತು. ಆಚಾರ್ಯನಿಗೆ ಶಾಸ್ತ್ರಜ್ಞಾನವಿದ್ದರೆ ಸಾಲದು. ಅವನು ಚಿಕಿತ್ಸಾಕರ್ಮವನ್ನು ಕಣ್ಣಾರೆ ಕಂಡವನೂ ಕೈ ಪಳಗಿದವನೂ ಅಸೂಯೆ ಕೋಪಗಳಿಲ್ಲದವನೂ ಶಿಷ್ಯವತ್ಸಲನೂ ತಿಳಿಯುವಂತೆ ಹೇಳಬಲ್ಲವನೂ ಆಗಿರಬೇಕು. ದೀಕ್ಷೆಯ ಕಾಲದಲ್ಲಿ ಶಿಷ್ಯನಿಗೆ ವಿಧಿಸುವ ವಿಧೇಯತೆಗೂ ಎಲ್ಲೆಯುಂಟು: ರಾಜನಿಗೆ ವಿರುದ್ಧವಾದ, ಪ್ರಾಣಹಾನಿಕರವಾದ, ಮಹಾ ಅಧರ್ಮಕ್ಕೆ ಎಡೆಕೊಡುವ ಕಾರ್ಯಗಳಲ್ಲಿ ಗುರುವಿನ ಮಾತನ್ನು ನಡೆಸಬೇಕಾಗಿಲ್ಲ.

ಸುಶ್ರುತಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸೂತ್ರಸ್ಥಾನದ 2ನೆಯ ಅಧ್ಯಾಯದಲ್ಲಿ ಆಚಾರ್ಯನೂ ಪ್ರತಿಜ್ಞಾಬದ್ಧನಾಗುತ್ತಾನೆ. ಶಿಷ್ಯನು ಸರಿಯಾಗಿ ನಡೆಯುತ್ತಿರುವಾಗ ತಾನು ಅವನನ್ನು ಅನ್ಯಥಾ ಕಂಡರೆ ತನಗೆ ಪಾಪವು ತಟ್ಟಲಿ, ತನ್ನ ವಿದ್ಯೆ ನಿಷ್ಫಲವಾಗಲಿ ಎಂಬುದು ಅದರ ಆಶಯ. ಗ್ರೀಸಿನ ಹಿಪೊಕ್ರಟಿಸನ ಹೆಸರಿನ ಪ್ರಮಾಣದಲ್ಲಿ ಗುರುವನ್ನು ಹೆತ್ತವರಂತೆ ಕಾಣುವ, ಅವನ ಮಕ್ಕಳಿಗೆ ಶುಲ್ಕವಿಲ್ಲದೆ ಕಲಿಸುವ ಮಾತಿದೆ. ಗುರುವು ಶಿಷ್ಯನಿಗೆ ಕೊಡುವ ಮಾತು ಇಲ್ಲ.

ಈ ಹೊಣೆಯು ಮಾತಿನಲ್ಲಿಯೇ ಉಳಿಯಲಿಲ್ಲವೆಂಬುದಕ್ಕೆ ಅದೇ ಸೂತ್ರಸ್ಥಾನದ 9ನೆಯ ಅಧ್ಯಾಯವು ಸಾಕ್ಷಿ. ಶಾಸ್ತ್ರವನ್ನೆಲ್ಲ ಓದಿ ಮುಗಿಸಿದವನಿಗೂ ಕೈಯಭ್ಯಾಸವಿಲ್ಲದೆ ರೋಗಿಯನ್ನು ಮುಟ್ಟುವ ಅಧಿಕಾರವಿಲ್ಲ. ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಕಾಯಿಗಳ ಮೇಲೆ ಕತ್ತರಿಸುವುದನ್ನು ಕಲಿಸಬೇಕು. ನೀರು ಕೆಸರು ತುಂಬಿದ ತೊಗಲಿನ ಚೀಲಗಳ ಮೇಲೆ ಸೀಳುವುದನ್ನು, ಕೂದಲಿರುವ ಚರ್ಮದ ಮೇಲೆ ಹೆರೆಯುವುದನ್ನು, ಸತ್ತ ಪ್ರಾಣಿಗಳ ರಕ್ತನಾಳ ಹಾಗೂ ತಾವರೆಯ ದಂಟಿನ ಮೇಲೆ ಚುಚ್ಚುವುದನ್ನು ಕಲಿಸಬೇಕು. ಹುಳು ತಿಂದ ಮರದಲ್ಲಿ ಶಲಾಕೆಯಾಡಿಸಿ ಗಾಯದ ಆಳವನ್ನರಿಯುವ ಬಗೆ, ಹಲಸು ಬಿಲ್ವಗಳ ತಿರುಳಿನಿಂದ ಹೊರಗೆಳೆಯುವ ಬಗೆ, ಬಟ್ಟೆಯಂಚಿನಲ್ಲಿ ಹೊಲಿಗೆ, ಆಳೆತ್ತರದ ಬೊಂಬೆಯ ಮೇಲೆ ಪಟ್ಟಿ ಕಟ್ಟುವುದು, ಹೀಗೆ ಪಾಠ ಸಾಗುತ್ತದೆ. ಬೊಂಬೆಯನ್ನಿಟ್ಟು ಕಲಿಸುವ ಇಂದಿನ ಕೌಶಲ್ಯ ಪ್ರಯೋಗಾಲಯಗಳನ್ನು ಕಂಡವರಿಗೆ ಇದು ಹೊಸದೆನಿಸದು. ಆಚಾರ್ಯನು ಪಕ್ಕದಲ್ಲಿ ನಿಂತು ತಿದ್ದದೆ ಇಂಥ ಕಲಿಕೆ ಸಾಗದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಇವು ವಿಧಿಗಳೇ ಹೊರತು ನಡೆದುದರ ವರದಿಗಳಲ್ಲ. ಮೇಲಾಗಿ ಒಂದೇ ಕೈಯ ಬರಹವೂ ಅಲ್ಲ. ಅಗ್ನಿವೇಶನ ತಂತ್ರವನ್ನು ಚರಕನು ಸಂಸ್ಕರಿಸಿದನು, ದೃಢಬಲನು ಪೂರ್ಣಗೊಳಿಸಿದನು. ಎರಡನೆಯದಾಗಿ, ಈ ವಾತ್ಸಲ್ಯದ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಸುಶ್ರುತಸಂಹಿತೆಯು ಮೇಲಿನ ಮೂರು ವರ್ಣದವರಿಗೆ ದೀಕ್ಷೆಯನ್ನು ವಿಧಿಸಿ, ಕುಲಗುಣಸಂಪನ್ನನಾದ ಶೂದ್ರನಿಗೆ ಮಂತ್ರವಿಲ್ಲದೆ ಕಲಿಸಬಹುದೆಂಬುದನ್ನು ಕೆಲವರ ಅಭಿಪ್ರಾಯವೆಂದಷ್ಟೇ ದಾಖಲಿಸುತ್ತದೆ. ಪರಂಪರೆಯನ್ನು ಹೊಗಳುವವರು ಈ ವಾಕ್ಯವನ್ನು ದಾಟಿ ಹೋಗುವುದು ಉಚಿತವಲ್ಲ.

2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಚರಕ ಶಪಥದ ಮಾರ್ಪಡಿಸಿದ ಪಾಠವೊಂದನ್ನು ವೈದ್ಯವಿದ್ಯಾರ್ಥಿಗಳಿಗೆ ಶಿಫಾರಸು ಮಾಡಿದಾಗ ಚರ್ಚೆಯು ಬಹುಮಟ್ಟಿಗೆ ಚರಕನೋ ಹಿಪೊಕ್ರಟಿಸನೋ ಎಂಬುದರಲ್ಲಿಯೇ ಸುತ್ತಿತು. ಎರಡರಲ್ಲಿಯೂ ಪ್ರಮಾಣ ಮಾಡಬೇಕಾದವನು ವಿದ್ಯಾರ್ಥಿಯೇ. ಸುಶ್ರುತಸಂಹಿತೆಯ ಆಚಾರ್ಯನು ತನ್ನ ಮೇಲೆ ಹೊತ್ತುಕೊಂಡ ಆ ಒಂದು ವಾಕ್ಯವು ಆ ಚರ್ಚೆಯಲ್ಲಿ ನಮ್ಮ ಕಣ್ಣಿಗೆ ಬೀಳಲಿಲ್ಲ.